ಪ್ರೊಟೀನ್ ಡೇಟಾ ಎಲ್ಲರದ್ದು, ಸಂಶೋಧನೆಯ ಸೀಟು ಯಾರದ್ದು?

ದುಬಾರಿ ಲ್ಯಾಬ್ ಇಲ್ಲದೆಯೂ ಶುರು ಮಾಡಬಹುದಾದ ವಿಜ್ಞಾನ ಒಂದಿದೆ. ಡೇಟಾ ಉಚಿತ, ಸಾಫ್ಟ್‌ವೇರ್ ಉಚಿತ, 2024ರ ನೊಬೆಲ್ ಕೂಡ ಅದಕ್ಕೇ ಬಂತು. ಹಾಗಿದ್ದರೂ ನಮ್ಮ ಜಿಲ್ಲಾ ಕೇಂದ್ರಗಳ ಎಂಎಸ್ಸಿ ವಿದ್ಯಾರ್ಥಿಗಳು ಅಲ್ಲಿ ಯಾಕೆ ಕಾಣಿಸುವುದಿಲ್ಲ?

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನಲ್ಲೋ, ಎಚ್.ಡಿ. ಕೋಟೆಯ ಜೇನುಕುರುಬರ ಹಾಡಿಯಲ್ಲೋ ಆರೋಗ್ಯ ಕಾರ್ಯಕರ್ತೆಯೊಬ್ಬರು ಮಗುವಿನ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ ಅಂದುಕೊಳ್ಳಿ. ಸಿಕಲ್ ಸೆಲ್ ಅನೀಮಿಯಾ ಇದೆಯೇ ಅಂತ ನೋಡಲು. ಈ ಕಾಯಿಲೆಯನ್ನು 2047ರೊಳಗೆ ನಿರ್ಮೂಲನೆ ಮಾಡುತ್ತೇವೆ ಅಂತ ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಮಿಷನ್ ಒಂದನ್ನೇ ಘೋಷಿಸಿದೆ. 7 ಕೋಟಿ ಜನರನ್ನು ಪರೀಕ್ಷಿಸುವ ಗುರಿ ಅದರದ್ದು.

ಆ ಹನಿ ರಕ್ತದಲ್ಲಿರುವ ಹಿಮೋಗ್ಲೋಬಿನ್ ಒಂದು ಪ್ರೊಟೀನ್. ಅದರ ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳಿವೆ. 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ಈ ಕಾಯಿಲೆಯಲ್ಲಿ ಅಲ್ಲಿ ವ್ಯಾಲೀನ್ ಬಂದು ಕೂತಿರುತ್ತದೆ. ತಪ್ಪು ಇಷ್ಟೇ. ಆದರೆ ವ್ಯಾಲೀನ್‌ಗೆ ನೀರು ಕಂಡರಾಗದು. ಹಿಮೋಗ್ಲೋಬಿನ್ ತನ್ನ ಆಮ್ಲಜನಕ ಬಿಟ್ಟುಕೊಟ್ಟ ತಕ್ಷಣ ಅದರ ಆಕಾರ ಸ್ವಲ್ಪ ಬದಲಾಗುತ್ತದೆ, ಪಕ್ಕದ ಅಣುವಿನಲ್ಲಿ ಒಂದು ಸಣ್ಣ ಗುಳಿ ತೆರೆದುಕೊಳ್ಳುತ್ತದೆ, ವ್ಯಾಲೀನ್ ಹೋಗಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದಕ್ಕೊಂದು ಅಂಟಿಕೊಂಡು ಹಗ್ಗದಂತೆ ಉದ್ದವಾಗುತ್ತವೆ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಮಗು ನೋವಿನಿಂದ ಚೀರುತ್ತದೆ.

ಪ್ರೊಟೀನ್ ಯಾವ ಆಕಾರದಲ್ಲಿದೆ, ಹೇಗೆ ಅಲುಗಾಡುತ್ತದೆ, ಯಾವ ಗುಳಿ ಯಾವಾಗ ತೆರೆಯುತ್ತದೆ, ಅದನ್ನು ಮುಚ್ಚುವ ಔಷಧಿ ಯಾವುದು ಎಂಬುದನ್ನೆಲ್ಲ ಭೌತಶಾಸ್ತ್ರದ ನಿಯಮ ಮತ್ತು ಕಂಪ್ಯೂಟರ್ ಬಳಸಿ ಲೆಕ್ಕ ಹಾಕುವ ವಿಜ್ಞಾನಕ್ಕೆ ಕಂಪ್ಯೂಟೇಷನಲ್ ಸ್ಟ್ರಕ್ಚರಲ್ ಬಯೋಫಿಸಿಕ್ಸ್ ಅಂತಾರೆ. ಹೆಸರು ಭಾರಿ ಇದೆ. ಒಳಗೆ ಹೋಗುವ ಬಾಗಿಲು ಮಾತ್ರ ನಾವಂದುಕೊಂಡಿರುವುದಕ್ಕಿಂತ ಹತ್ತಿರದಲ್ಲೇ ಇದೆ.

ಕ್ಯಾಲ್ಕುಲೇಟರಿನಿಂದ ಶುರುವಾದ ಕಥೆ

ಇದು ಅಮೆರಿಕದ ಕಂಪನಿಗಳು ಹುಟ್ಟುಹಾಕಿದ ವಿದ್ಯೆ ಅಂತ ಅನ್ನಿಸಿದ್ದರೆ ಒಂದು ವಿಷಯ ಗೊತ್ತಿರಲಿ. ಪ್ರೊಟೀನ್ ಸರಪಳಿ ಯಾವ ಯಾವ ಕೋನಗಳಲ್ಲಿ ಮಡಚಿಕೊಳ್ಳಬಹುದು, ಯಾವುದರಲ್ಲಿ ಸಾಧ್ಯವೇ ಇಲ್ಲ ಎಂಬುದನ್ನು ಮೊದಲು ನಕ್ಷೆ ಮಾಡಿಕೊಟ್ಟವರು ಮದರಾಸು ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್. 1963ರಲ್ಲಿ ಪ್ರಕಟವಾದ ಆ ಕೆಲಸಕ್ಕೆ ಅವರು ಬಳಸಿದ್ದು ಮೇಜಿನ ಮೇಲೆ ಇಡುವ ಕ್ಯಾಲ್ಕುಲೇಟರ್. ಇವತ್ತಿಗೂ ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಪ್ರೊಟೀನ್ ರಚನೆ ಸಿದ್ಧವಾದರೂ ಅದು ಸರಿಯಿದೆಯೇ ಅಂತ 'ರಾಮಚಂದ್ರನ್ ಪ್ಲಾಟ್' ಹಾಕಿ ನೋಡುತ್ತಾರೆ.

1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮಚಂದ್ರನ್ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಅದೇ ವರ್ಷ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಪ್ರೊಟೀನ್ ಡೇಟಾ ಬ್ಯಾಂಕ್, ಅಂದರೆ ಪಿಡಿಬಿ, ಶುರುವಾಯಿತು. ಆಗ ಅದರಲ್ಲಿದ್ದದ್ದು 7 ರಚನೆಗಳು. ಈಗ 2 ಲಕ್ಷಕ್ಕೂ ಹೆಚ್ಚು. ಒಂದೊಂದನ್ನೂ ಪ್ರಯೋಗದಿಂದ ಕಂಡುಹಿಡಿಯಲು ಸರಾಸರಿ 1 ಲಕ್ಷ ಡಾಲರ್ ಖರ್ಚು ಎಂಬ ಅಂದಾಜಿದೆ. ಹೆಚ್ಚಿನ ಪಾಲು ನಾನಾ ದೇಶಗಳ ತೆರಿಗೆದಾರರ ದುಡ್ಡು. ಆದರೆ ಯಾರು ಬೇಕಾದರೂ, ಹೆಸರು ಕೂಡ ಹೇಳದೆ, ಒಂದು ಪೈಸೆ ಕೊಡದೆ ಅದನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಸಿಕಲ್ ಸೆಲ್ ಹಿಮೋಗ್ಲೋಬಿನ್‌ನ ರಚನೆಯೂ ಅಲ್ಲಿದೆ. ಈ ಲೇಖನ ಓದುತ್ತಿರುವ ಮೊಬೈಲಿನಲ್ಲೇ ತೆರೆದು ತಿರುಗಿಸಿ ನೋಡಬಹುದು.

ಇದು ಸಣ್ಣ ಸಂಗತಿ ಅಲ್ಲ. ವಿಜ್ಞಾನಿಗಳು ತಮ್ಮ ಫಲಿತಾಂಶವನ್ನು ಎಲ್ಲರ ಕಣಜಕ್ಕೆ ತಂದು ಸುರಿಯಬೇಕು ಅಂತ ಒಪ್ಪಿಕೊಂಡದ್ದರಿಂದ, ಜರ್ನಲ್‌ಗಳು ಅದನ್ನು ಕಡ್ಡಾಯ ಮಾಡಿದ್ದರಿಂದ ಆದ ಕೆಲಸ ಇದು. ಈ ಕಣಜ ಇಲ್ಲದಿದ್ದರೆ ಆಲ್ಫಾಫೋಲ್ಡ್ ಹುಟ್ಟುತ್ತಲೇ ಇರಲಿಲ್ಲ.

ಎಐ ಬಂದಾಯ್ತಲ್ಲ, ಇನ್ನೇನು ಉಳಿದಿದೆ?

ಈ ಕ್ಷೇತ್ರಕ್ಕೆ ಬರಬೇಕು ಅನ್ನುವ ಯಾವುದೇ ವಿದ್ಯಾರ್ಥಿಗೆ ಮೊದಲು ಬರುವ ಅನುಮಾನ ಇದೇ. ಗೂಗಲ್‌ನ ಡೀಪ್‌ಮೈಂಡ್ ಕಂಪನಿಯ ಆಲ್ಫಾಫೋಲ್ಡ್-2 ಎಂಬ ಎಐ 2020ರ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರೊಟೀನ್ ಆಕಾರಗಳನ್ನು ಪ್ರಯೋಗದಷ್ಟೇ ನಿಖರವಾಗಿ ಊಹಿಸಿ ಎಲ್ಲರನ್ನೂ ಬೆಚ್ಚಿಬೀಳಿಸಿತು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೊಟೀನ್‌ಗಳ ಊಹಿತ ರಚನೆಗಳು ಉಚಿತವಾಗಿ ಸಿಕ್ಕವು. 2024ರ ರಸಾಯನಶಾಸ್ತ್ರ ನೊಬೆಲ್‌ನ ಅರ್ಧ ಭಾಗ ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ, ಉಳಿದರ್ಧ ಹೊಸ ಪ್ರೊಟೀನ್‌ಗಳನ್ನೇ ವಿನ್ಯಾಸ ಮಾಡುವ ಡೇವಿಡ್ ಬೇಕರ್ ಅವರಿಗೆ ಹೋಯಿತು. ಜಂಪರ್ ಪಿಎಚ್‌ಡಿ ಮುಗಿಸಿದ್ದು 2017ರಲ್ಲಿ, ನೊಬೆಲ್ ಬಂದಾಗ ವಯಸ್ಸು 39.

ಹಾಗಾದರೆ ಕೆಲಸ ಮುಗಿಯಿತೇ? ಮತ್ತೆ ಆ ಹನಿ ರಕ್ತಕ್ಕೆ ಬನ್ನಿ. ಆರೋಗ್ಯವಂತರ ಹಿಮೋಗ್ಲೋಬಿನ್ ಮತ್ತು ಸಿಕಲ್ ಸೆಲ್ ಹಿಮೋಗ್ಲೋಬಿನ್, ಎರಡನ್ನೂ ಆಲ್ಫಾಫೋಲ್ಡ್‌ಗೆ ಕೊಟ್ಟರೆ ಹೆಚ್ಚುಕಡಿಮೆ ಒಂದೇ ಚಿತ್ರ ಬರುತ್ತದೆ. ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಏನು ಅನಾಹುತ ಆಗುತ್ತದೆ ಎಂಬುದನ್ನು ಹೇಳುವುದರಲ್ಲಿ ಅದು ದುರ್ಬಲ. ಅದು ಕೊಡುವುದು ಪಾಸ್‌ಪೋರ್ಟ್ ಫೋಟೋ. ಕಾಯಿಲೆ ಇರುವುದು ಚಲನೆಯಲ್ಲಿ.

ಚಲನೆ ನೋಡಲು ಮಾಲಿಕ್ಯುಲರ್ ಡೈನಾಮಿಕ್ಸ್ ಬೇಕು. ಪ್ರತಿ ಪರಮಾಣುವಿನ ಮೇಲೆ ಬೀಳುವ ಬಲ ಎಷ್ಟು ಅಂತ ಲೆಕ್ಕ ಹಾಕಿ, ಅದನ್ನು ಒಂದು ಹೆಜ್ಜೆ ಮುಂದೆ ಸರಿಸಿ, ಮತ್ತೆ ಲೆಕ್ಕ ಹಾಕುವುದು. ನ್ಯೂಟನ್‌ನ ನಿಯಮ ಗೊತ್ತಿದ್ದರೆ ತಿರುಳು ಅರ್ಥವಾದ ಹಾಗೆ. 1977ರಲ್ಲಿ ಮೊದಲ ಸಲ ಒಂದು ಪುಟ್ಟ ಪ್ರೊಟೀನ್ ಮೇಲೆ ಇದನ್ನು ಮಾಡಿದಾಗ ಸಿಕ್ಕಿದ್ದು ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗದ ಹತ್ತರಷ್ಟು ಕೂಡ ಉದ್ದವಿಲ್ಲದ ಸಿನಿಮಾ. ಇಂಥ ಮಾದರಿಗಳ ಅಡಿಪಾಯಕ್ಕೆ 2013ರಲ್ಲಿ ಮಾರ್ಟಿನ್ ಕಾರ್‌ಪ್ಲಸ್, ಮೈಕೆಲ್ ಲೆವಿಟ್, ಆರಿಯೆಹ್ ವಾರ್ಶೆಲ್ ಅವರಿಗೆ ನೊಬೆಲ್ ಬಂತು.

ಉಳಿದಿರುವ ಪ್ರಶ್ನೆಗಳು ಇನ್ನೂ ಇವೆ. ನಮ್ಮ ದೇಹದ ಎಷ್ಟೋ ಪ್ರೊಟೀನ್‌ಗಳಿಗೆ, ಅಥವಾ ಅವುಗಳ ಕೆಲ ಭಾಗಗಳಿಗೆ, ನಿಶ್ಚಿತ ಆಕಾರವೇ ಇಲ್ಲ, ಅವು ಸದಾ ದಾರದ ಹಾಗೆ ತೇಲಾಡುತ್ತವೆ. ಆರ್‌ಎನ್‌ಎ ಮಡಚುವಿಕೆಯನ್ನು ಎಐ ಇನ್ನೂ ಸರಿಯಾಗಿ ಹಿಡಿದಿಲ್ಲ. ಔಷಧಿ ಅಣು ಎಷ್ಟು ಗಟ್ಟಿಯಾಗಿ ಅಂಟುತ್ತದೆ ಎಂಬ ಲೆಕ್ಕ ಈಗಲೂ ಕಷ್ಟದ್ದೇ. ಅಂಟುವ ಔಷಧಿ ಸಿಕ್ಕರೂ ಅಲ್ಲಿಗೆ ಮುಗಿಯುವುದಿಲ್ಲ. ಹಿಮೋಗ್ಲೋಬಿನ್‌ಗೆ ಅಂಟಿ ಅದನ್ನು ಹಗ್ಗವಾಗದಂತೆ ತಡೆಯುವ ವೋಕ್ಸೆಲೋಟರ್ ಎಂಬ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2024ರ ಸೆಪ್ಟೆಂಬರಿನಲ್ಲಿ ಅದನ್ನು ಜಗತ್ತಿನ ಮಾರುಕಟ್ಟೆಯಿಂದಲೇ ವಾಪಸ್ ತೆಗೆದರು. ಸಿಕಲ್ ಸೆಲ್‌ಗೆ ಬಂದಿರುವ ಜೀನ್ ಚಿಕಿತ್ಸೆ ಕ್ಯಾಸ್‌ಗೆವಿಯ ಅಮೆರಿಕದ ಬೆಲೆ 22 ಲಕ್ಷ ಡಾಲರ್. ಪೋಡಿನ ಮಗುವಿಗೆ ಈ ಎರಡರಿಂದಲೂ ಸದ್ಯಕ್ಕೆ ಪ್ರಯೋಜನ ಇಲ್ಲ.

ಯಾವ ಪ್ರೊಟೀನ್ ಮುಖ್ಯ ಅಂತ ಹೇಳುವವರು ಯಾರು?

ರಾಜಕೀಯ ಶುರುವಾಗುವುದು ಇಲ್ಲಿಂದ. ಮಂಗನ ಕಾಯಿಲೆಯ ವೈರಸ್ ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಲೆನಾಡಿನಲ್ಲಿ ಕಾಡಿಗೆ ಸೊಪ್ಪು, ಸೌದೆ ತರಲು ಹೋದವರನ್ನು ಅದು ಈಗಲೂ ಕೊಲ್ಲುತ್ತದೆ. ನಿರ್ದಿಷ್ಟ ಔಷಧಿ ಇಲ್ಲ. ಡೆಂಗಿ, ಝೀಕಾ ವೈರಸ್‌ಗಳ ಕುಟುಂಬಕ್ಕೇ ಸೇರಿದ್ದರಿಂದ ಅದರ ಪ್ರೊಟೀನ್‌ಗಳ ಮಾದರಿ ಕಟ್ಟುವುದು ಇವತ್ತು ಅಸಾಧ್ಯವಾದ ಕೆಲಸವೇನಲ್ಲ. ಆದರೆ ಲಾಭದ ಲೆಕ್ಕ ಹಾಕುವ ದೊಡ್ಡ ಕಂಪನಿ ಈ ವೈರಸ್ ಹಿಂದೆ ಬೀಳುವುದಿಲ್ಲ. ಅದರ ಬಗ್ಗೆ ಪ್ರಶ್ನೆ ಕೇಳಬೇಕಾದರೆ ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಹುಡುಗ ಹುಡುಗಿಯರು ಸಂಶೋಧನೆಯ ಕುರ್ಚಿಯಲ್ಲಿ ಕೂತಿರಬೇಕು. ಆ ಕುರ್ಚಿವರೆಗೆ ಹೋಗುವ ದಾರಿ ಹೇಗಿದೆ, ನೋಡೋಣ.

ಶುರು ಮಾಡುವುದು ಹೇಗೆ?

ಫಿಸಿಕ್ಸ್, ಕೆಮಿಸ್ಟ್ರಿ, ಬಯೋಟೆಕ್, ಗಣಿತ, ಕಂಪ್ಯೂಟರ್ ಸೈನ್ಸ್ ಯಾವ ಕಡೆಯಿಂದಲೂ ಬರಬಹುದು. ಬೇಕಾದದ್ದು ಮೂರು: ಪೈಥಾನ್ ಮತ್ತು ಲಿನಕ್ಸ್‌ನ ಪರಿಚಯ, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್‌ನ ಮೂಲ ಪಾಠ, ಬಯೋಕೆಮಿಸ್ಟ್ರಿಯ ಮೂಲ ಪಾಠ. ಬಯಾಲಜಿಯವರು ಮೊದಲೆರಡನ್ನು, ಫಿಸಿಕ್ಸ್‌ನವರು ಕೊನೆಯದನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತ. ಗ್ರೋಮ್ಯಾಕ್ಸ್, ಓಪನ್‌ಎಂಎಂ ಮುಂತಾದ ಸಿಮ್ಯುಲೇಷನ್ ಸಾಫ್ಟ್‌ವೇರ್ ಕೂಡ ಉಚಿತ. ಕೊಲ್ಯಾಬ್‌ಫೋಲ್ಡ್ ಮೂಲಕ ಬ್ರೌಸರಿನಲ್ಲೇ ಆಲ್ಫಾಫೋಲ್ಡ್-2 ಓಡಿಸಬಹುದು.

ಬಿಎಸ್ಸಿ, ಎಂಎಸ್ಸಿ ಹಂತದಲ್ಲಿ ಬೇಸಿಗೆ ಫೆಲೋಶಿಪ್ ದೊಡ್ಡ ಅವಕಾಶ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವುದೊಂದು, ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದ್ದು ಇನ್ನೊಂದು. ಎರಡು ತಿಂಗಳು ನಿಜವಾದ ಸಂಶೋಧನಾ ಗುಂಪಿನಲ್ಲಿ ಕೂತು ಬಂದವರಿಗೆ ಪಿಎಚ್‌ಡಿ ಸಂದರ್ಶನ ಎದುರಿಸುವ ಧೈರ್ಯವೇ ಬೇರೆ. ಪಿಎಚ್‌ಡಿಗೆ ಸಿಎಸ್‌ಐಆರ್-ನೆಟ್, ಗೇಟ್, ಡಿಬಿಟಿಯ ಬಿಇಟಿ ಪರೀಕ್ಷೆಗಳ ದಾರಿಯಿದೆ. ಬೆಂಗಳೂರಿನಲ್ಲೇ ಐಐಎಸ್‌ಸಿ, ಎನ್‌ಸಿಬಿಎಸ್, ಜವಾಹರಲಾಲ್ ನೆಹರೂ ಕೇಂದ್ರ ಇವೆ, ರಾಜ್ಯ ಸರ್ಕಾರದ ಬೆಂಬಲದ ಐಬಿಎಬಿ ಇದೆ.

ಪಿಎಚ್‌ಡಿ ಆದಮೇಲೆ? ಮೊದಲು ಸ್ವದೇಶದ ದಾರಿಗಳು. ಎಎನ್‌ಆರ್‌ಎಫ್ ಎಂಬ ಹೊಸ ರಾಷ್ಟ್ರೀಯ ಪ್ರತಿಷ್ಠಾನದ ಪೋಸ್ಟ್‌ಡಾಕ್ ಫೆಲೋಶಿಪ್ ಇದೆ. ಇನ್‌ಸ್ಪೈರ್ ಫ್ಯಾಕಲ್ಟಿಯಲ್ಲಿ 5 ವರ್ಷ, ತಿಂಗಳಿಗೆ 1.25 ಲಕ್ಷ ರೂಪಾಯಿ, ಜೊತೆಗೆ ವರ್ಷಕ್ಕೆ 7 ಲಕ್ಷ ಸಂಶೋಧನಾ ಅನುದಾನ. ಇಂಡಿಯಾ ಅಲಯನ್ಸ್‌ನ ಅರ್ಲಿ ಕರಿಯರ್ ಫೆಲೋಶಿಪ್‌ಗೆ ಕೈಯಲ್ಲಿ ಕಾಯಂ ಕೆಲಸ ಇರಬೇಕು ಅಂತೇನೂ ಇಲ್ಲ. ಕೆಲಸ ಸಿಕ್ಕ ಹೊಸಬರಿಗೆ ಎಎನ್‌ಆರ್‌ಎಫ್‌ನ ಅರ್ಲಿ ಕರಿಯರ್ ಅನುದಾನ ಇದೆ, 3 ವರ್ಷಕ್ಕೆ 60 ಲಕ್ಷದವರೆಗೆ, ವಯಸ್ಸಿನ ಮಿತಿ 42.

ಹೊರಗಿನ ದಾರಿಗಳೂ ಇವೆ. ಯುರೋಪಿನ ಜೀವವಿಜ್ಞಾನ ಒಕ್ಕೂಟದ ಜೊತೆ ಭಾರತ 2016ರಲ್ಲಿ ಒಪ್ಪಂದ ಮಾಡಿಕೊಂಡದ್ದರಿಂದ ಎಂಬೊ ಫೆಲೋಶಿಪ್‌ಗಳಿಗೆ ನಮ್ಮವರೂ ಅರ್ಹರು. ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಿ ಜೀವವಿಜ್ಞಾನಕ್ಕೆ ಬರುವವರಿಗೇ ಅಂತ ಎಚ್‌ಎಫ್‌ಎಸ್‌ಪಿ ಸಂಸ್ಥೆ ಒಂದು ಪ್ರತ್ಯೇಕ ಫೆಲೋಶಿಪ್ ಕೊಡುತ್ತದೆ. ಮೇರಿ ಕ್ಯೂರಿ ಹೆಸರಿನ ಯುರೋಪಿಯನ್ ಫೆಲೋಶಿಪ್‌ಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಅಮೆರಿಕದ ದಾರಿ ಮಾತ್ರ 2025ರಿಂದ ಇಕ್ಕಟ್ಟಾಗಿದೆ. ಅಲ್ಲಿನ ಸರ್ಕಾರ ಆರೋಗ್ಯ ಸಂಶೋಧನೆಯ ಅನುದಾನಗಳಿಗೆ ಕತ್ತರಿ ಹಾಕಿದ ಮೇಲೆ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕಡಿಮೆ ಮಾಡಿವೆ. ಹೊಸ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕವನ್ನೂ ಘೋಷಿಸಿದ್ದಾರೆ.

ಡೇಟಾ ಉಚಿತ, ಹೊತ್ತು ಉಚಿತವಲ್ಲ

ಪಟ್ಟಿ ಉದ್ದ ಇದೆ, ನಿಜ. ಆದರೆ ಈ ಪಟ್ಟಿಯವರೆಗೆ ತಲುಪುವುದಕ್ಕೆ ಐದಾರು ವರ್ಷ ಬದುಕಬೇಕಲ್ಲ? ಒಂದು ಸಣ್ಣ ಲೆಕ್ಕ ಹಾಕೋಣ.

ಮಾಲಿಕ್ಯುಲರ್ ಡೈನಾಮಿಕ್ಸ್‌ನ ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೊಸೆಕೆಂಡ್. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ, ಅಂದರೆ ಒಂದು ಮೈಕ್ರೊಸೆಕೆಂಡ್, ನೋಡಬೇಕಾದರೆ 50 ಕೋಟಿ ಹೆಜ್ಜೆ. ನೀರೂ ಸೇರಿ ಲಕ್ಷ ಪರಮಾಣುಗಳಿರುವ ಸಿಮ್ಯುಲೇಷನ್‌ಗೆ ಒಂದು ಒಳ್ಳೆಯ ಜಿಪಿಯು ಮೇಲೆ ಸುಮಾರು 10 ದಿನ ಅಂತ ಇಟ್ಟುಕೊಳ್ಳಿ. ಒಂದು ಸಲ ಓಡಿಸಿದರೆ ಯಾರೂ ನಂಬುವುದಿಲ್ಲ, ಕನಿಷ್ಠ ಮೂರು ಸಲ ಮಾಡಬೇಕು. ಇಂಡಿಯಾ ಎಐ ಮಿಷನ್‌ನಲ್ಲಿ ಸಬ್ಸಿಡಿ ದರದಲ್ಲಿ ಗಂಟೆಗೆ ಸುಮಾರು 65 ರೂಪಾಯಿಗೆ ಜಿಪಿಯು ಕೊಡುತ್ತೇವೆ ಅಂತ ಸರ್ಕಾರ ಹೇಳುತ್ತಿದೆ. ಆ ದರದಲ್ಲೇ 30 ದಿನಕ್ಕೆ 46,800 ರೂಪಾಯಿ ಆಗುತ್ತದೆ.

ಜೆಆರ್‌ಎಫ್ ಪಡೆದ ಪಿಎಚ್‌ಡಿ ವಿದ್ಯಾರ್ಥಿಯ ಒಂದು ತಿಂಗಳ ಫೆಲೋಶಿಪ್ 37,000 ರೂಪಾಯಿ. ನೆಟ್ ಇಲ್ಲದೆ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವವರಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಸಿಗುತ್ತಿರುವುದು ತಿಂಗಳಿಗೆ 8,000. ಅಂದರೆ ಒಂದೇ ಒಂದು ಪ್ರಯೋಗಕ್ಕೆ ಅವರ ಸುಮಾರು ಆರು ತಿಂಗಳ ದುಡ್ಡು. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಬಹಳಷ್ಟು ಮಂದಿಗೆ ಅದೂ ಇಲ್ಲ. ಐಐಎಸ್‌ಸಿಯಲ್ಲಿ ಇರುವವರಿಗೆ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಕ್ಯಾಂಪಸ್ಸಿನಲ್ಲೇ ಇದೆ. ಜಿಲ್ಲಾ ಕೇಂದ್ರದ ಕಾಲೇಜಿನವರಿಗೆ ತಮ್ಮ ಲ್ಯಾಪ್‌ಟಾಪೇ ಗತಿ.

ಇದರ ಮೇಲೆ ಫೆಲೋಶಿಪ್ ತಿಂಗಳುಗಟ್ಟಲೆ ತಡ ಆಗುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ದುಡ್ಡು ಕಳಿಸುವ ಸ್ಥಿತಿಯಲ್ಲಿದ್ದರೆ ಅದು ಕಿರಿಕಿರಿ ಅಷ್ಟೇ. ನೀವೇ ಮನೆಗೆ ದುಡ್ಡು ಕಳಿಸಬೇಕಾದವರಾದರೆ ಸಂಶೋಧನೆಯೇ ಅಲ್ಲಿಗೆ ನಿಲ್ಲುತ್ತದೆ. ಪ್ರತಿಭೆ ಸೋಸುವ ಜರಡಿ ಅಂತ ನಾವು ಅಂದುಕೊಂಡಿರುವ ಈ ವ್ಯವಸ್ಥೆ ಎಷ್ಟೋ ಸಲ ಸೋಸುತ್ತಿರುವುದು ಮನೆಯ ಆದಾಯವನ್ನು.

ಜಾತಿಯ ಮಾತು ತೆಗೆಯದೆ ಈ ಚಿತ್ರ ಪೂರ್ತಿಯಾಗುವುದಿಲ್ಲ. ಕೇಂದ್ರದ ಶಿಕ್ಷಣ ಸಂಸ್ಥೆಗಳ ಬೋಧಕ ಹುದ್ದೆಗಳಲ್ಲಿ ಮೀಸಲಾತಿ ಕೊಡುವ 2019ರ ಕಾಯ್ದೆಯೇ 'ಉತ್ಕೃಷ್ಟ ಸಂಸ್ಥೆ'ಗಳ ಒಂದು ಪಟ್ಟಿ ಮಾಡಿ ಅವಕ್ಕೆ ವಿನಾಯಿತಿ ಕೊಟ್ಟಿದೆ. ಮುಂಬೈನ ಟಿಐಎಫ್‌ಆರ್, ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರ ಆ ಪಟ್ಟಿಯಲ್ಲಿವೆ. ಪರಿಶಿಷ್ಟ ಜಾತಿ, ಪಂಗಡದ ಪ್ರಾಧ್ಯಾಪಕರು ನಮ್ಮ ಮುಂಚೂಣಿ ವಿಜ್ಞಾನ ಸಂಸ್ಥೆಗಳಲ್ಲಿ ಎಷ್ಟು ಕಡಿಮೆ ಇದ್ದಾರೆ ಎಂಬುದನ್ನು 'ನೇಚರ್' ಪತ್ರಿಕೆ 2023ರಲ್ಲಿ ವಿವರವಾಗಿ ಬರೆದಿತ್ತು. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ 2022ರಲ್ಲಿ ನಿಲ್ಲಿಸಿತು. ಪರಿಶಿಷ್ಟರು ಮತ್ತಿತರ ಅಂಚಿನ ಸಮುದಾಯಗಳ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳಿಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 2025ರಲ್ಲಿ 106 ಮಂದಿ ಆಯ್ಕೆಯಾದರೂ ಮೊದಲಿಗೆ ಪತ್ರ ಸಿಕ್ಕಿದ್ದು 40 ಮಂದಿಗೆ. ಉಳಿದವರಿಗೆ ಹಣ ಬಂದರೆ ಕೊಡುತ್ತೇವೆ ಎಂಬ ಉತ್ತರ. ಕರ್ನಾಟಕ ಸರ್ಕಾರದ ಪ್ರಬುದ್ಧ ಯೋಜನೆ ಪರಿಶಿಷ್ಟ ವಿದ್ಯಾರ್ಥಿಗಳ ವಿದೇಶ ವ್ಯಾಸಂಗಕ್ಕೆ ನೆರವಾಗುತ್ತದೆ ಎಂಬುದು ಅರ್ಹರಿಗೆ ಗೊತ್ತಿರಲಿ.

ಕಣಜಕ್ಕೆ ಬೀಗ ಹಾಕುವ ಕಾಲ

ಇನ್ನೊಂದು ಕಡೆ, ಉಚಿತವಾಗಿರುವುದು ಉಚಿತವಾಗಿಯೇ ಉಳಿಯುತ್ತದೆ ಎಂಬ ಖಾತ್ರಿಯೂ ಇಲ್ಲ. ಆಲ್ಫಾಫೋಲ್ಡ್-3 ಬಗ್ಗೆ 2024ರ ಮೇನಲ್ಲಿ 'ನೇಚರ್'ನಲ್ಲಿ ಲೇಖನ ಬಂತು, ಕೋಡ್ ಬರಲಿಲ್ಲ. ಸಾರ್ವಜನಿಕ ಡೇಟಾದಿಂದ ಕಲಿತ ಎಐ ಅನ್ನು ಮುಚ್ಚಿಟ್ಟುಕೊಳ್ಳುವುದು ಯಾವ ನ್ಯಾಯ ಅಂತ ನೂರಾರು ವಿಜ್ಞಾನಿಗಳು ಸಹಿ ಹಾಕಿ ಕೇಳಿದರು. ನವೆಂಬರಿನಲ್ಲಿ ಕೋಡ್ ಬಿಡುಗಡೆಯಾಯಿತು, ವಾಣಿಜ್ಯ ಬಳಕೆಗೆ ಅವಕಾಶವಿಲ್ಲ ಎಂಬ ಷರತ್ತಿನ ಮೇಲೆ. ಅದೇ ತಿಂಗಳು ಅಮೆರಿಕದ ಎಂಐಟಿಯ ಯುವ ಸಂಶೋಧಕರು ಬೋಲ್ಟ್ಜ್-1 ಎಂಬ ಪರ್ಯಾಯವನ್ನು ಕಟ್ಟಿ ಯಾರು ಬೇಕಾದರೂ, ಯಾವುದಕ್ಕೆ ಬೇಕಾದರೂ ಬಳಸಿ ಅಂತ ಬಿಟ್ಟರು. ತೆರೆದ ವಿಜ್ಞಾನ ತಾನಾಗಿ ತೆರೆದಿರುವುದಿಲ್ಲ. ಯಾರೋ ಜಗಳ ಆಡಿ ತೆರೆದಿಟ್ಟಿರುತ್ತಾರೆ.

ನಮ್ಮಲ್ಲೂ ಜಗಳದಿಂದ ಆದ ಕೆಲಸಗಳಿವೆ. ನೆಟ್ ಇಲ್ಲದವರ ಫೆಲೋಶಿಪ್ ನಿಲ್ಲಿಸಲು 2015ರಲ್ಲಿ ಯುಜಿಸಿ ಹೊರಟಾಗ ವಿದ್ಯಾರ್ಥಿಗಳು ದೆಹಲಿಯಲ್ಲಿ ಅದರ ಕಚೇರಿ ಮುಂದೆಯೇ ಕೂತರು, ಫೆಲೋಶಿಪ್ ಉಳಿಯಿತು. ಜೆಆರ್‌ಎಫ್ 31,000ದಿಂದ 37,000ಕ್ಕೆ ಏರಿದ್ದರ ಹಿಂದೆಯೂ ಸಂಶೋಧಕರ ದೀರ್ಘ ಹೋರಾಟ ಇದೆ.

ಈಗ ಕೇಳಬೇಕಾದದ್ದು ಏನು? ಫೆಲೋಶಿಪ್ ಸಂಬಳದ ಹಾಗೆ ಪ್ರತಿ ತಿಂಗಳು ಬರಬೇಕು. ಸೂಪರ್‌ಕಂಪ್ಯೂಟರಿನ ಒಂದು ಪಾಲನ್ನು ರಾಜ್ಯ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಉಚಿತವಾಗಿ ಮೀಸಲಿಡಬೇಕು. ಎಎನ್‌ಆರ್‌ಎಫ್‌ಗೆ 5 ವರ್ಷದಲ್ಲಿ 50,000 ಕೋಟಿ ಅಂತ ಹೇಳಿ ಅದರಲ್ಲಿ 36,000 ಕೋಟಿ ಖಾಸಗಿ ಮತ್ತಿತರ ಮೂಲಗಳಿಂದ ಬರುತ್ತದೆ ಅಂತ ಕಾದು ಕೂರುವುದನ್ನು ಬಿಟ್ಟು, ಜಿಡಿಪಿಯ ಶೇ. 0.64ರಲ್ಲಿ ನಿಂತುಹೋಗಿರುವ ಸಂಶೋಧನಾ ವೆಚ್ಚವನ್ನು ಸರ್ಕಾರವೇ ಏರಿಸಬೇಕು. 'ಉತ್ಕೃಷ್ಟ'ರ ಮೀಸಲಾತಿ ವಿನಾಯಿತಿ ಹೋಗಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲ, ಕೆಲಸ ಇವತ್ತೇ ಶುರು ಮಾಡಬಹುದು. ಪಿಡಿಬಿಯಲ್ಲಿ ಸಿಕಲ್ ಹಿಮೋಗ್ಲೋಬಿನ್ ಹುಡುಕಿ, ಆ 6ನೇ ಜಾಗವನ್ನು ಕಣ್ಣಾರೆ ನೋಡಿ. ಆ ಫೈಲ್ ಡೌನ್‌ಲೋಡ್ ಮಾಡಲು ಹಾರ್ವರ್ಡ್‌ನವರಿಗೂ ಚಾಮರಾಜನಗರದವರಿಗೂ ಬೇಕಾಗುವುದು ಒಂದೇ ಒಂದು ಕ್ಲಿಕ್. ಅದರ ಮುಂದಿನ ಹೆಜ್ಜೆಗಳು ಮಾತ್ರ ಇಬ್ಬರಿಗೂ ಒಂದೇ ಥರ ಇಲ್ಲ.